ದೇಹದೊಳಗಿನ ಕಾವಲುಗಾರರನ್ನು ಕಂಡ ಮೆಚ್ನಿಕಾಫ್

ಅಂಗಾಲಿಗೆ ಮುಳ್ಳು ನಾಟಿ, ಮುರಿದು, ಒಳಗೇ ಉಳಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಮೊದಲ ದಿನ ಆ ಜಾಗ ಕೆಂಪೇರುತ್ತದೆ. ಮರುದಿನ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತದೆ. ಇನ್ನೆರಡು ದಿನ ಕಳೆದರೆ ಕೀವು ಕಟ್ಟಿ ಒಡೆಯುತ್ತದೆ. ಎಷ್ಟೋ ಸಲ ಕೀವಿನೊಡನೆ ಮುಳ್ಳೂ ಹೊರಬೀಳುತ್ತದೆ. ಆ ಬಾವನ್ನೂ ಕೀವನ್ನೂ ನಾವು ರೋಗವೆಂದೇ ತಿಳಿದು ಬೇಸರಪಡುತ್ತೇವೆ. ಆದರೆ ಬಾವು ಎಂಬುದು ರೋಗದೊಡನೆ ದೇಹವು ಹೂಡಿದ ಹೋರಾಟ. ಕೀವು ಎಂಬುದು ಬಹುಮಟ್ಟಿಗೆ ಆ ಹೋರಾಟದಲ್ಲಿ ಮಡಿದ ಯೋಧರ ರಾಶಿ. ಈ ಸಂಗತಿಯನ್ನು ಲೋಕಕ್ಕೆ ಮನಗಾಣಿಸಿದವನು ಇಲ್ಯಾ ಮೆಚ್ನಿಕಾಫ್ ಎಂಬ ವಿಜ್ಞಾನಿ. ಅವನು ಅದನ್ನು ಕಂಡುಕೊಂಡದ್ದೂ ಒಂದು ಮುಳ್ಳಿನಿಂದಲೇ.

ಅವನ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಲು ಇನ್ನೂ ಒಂದು ಕಾರಣವಿದೆ. ಜೀವವು ತನ್ನನ್ನು ತಾನು ಕಾಪಾಡಿಕೊಳ್ಳಲು ಎಷ್ಟು ಹಟದಿಂದ ಹೋರಾಡುತ್ತದೆ ಎಂಬುದನ್ನು ತೋರಿಸಿಕೊಟ್ಟ ಈ ಮನುಷ್ಯನೇ ತನ್ನ ಯೌವನದಲ್ಲಿ ಬದುಕಿನ ಮೇಲಣ ಆಸೆಯನ್ನು ಎರಡು ಬಾರಿ ಕಳೆದುಕೊಂಡಿದ್ದನು.

ಮೆಚ್ನಿಕಾಫನು ಹುಟ್ಟಿದುದು 1845ರ ಮೇ ತಿಂಗಳಿನಲ್ಲಿ, ಖಾರ್ಕೊವ್ ನಗರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ. ಆ ಪ್ರದೇಶ ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಇಂದು ಉಕ್ರೇನ್ ದೇಶದಲ್ಲಿದೆ. ತಂದೆ ಸೇನೆಯ ಅಧಿಕಾರಿ. ಐವರು ಮಕ್ಕಳಲ್ಲಿ ಇವನೇ ಕಡೆಯವನು. ಹೊಲ, ಕೊಳ, ತೋಪುಗಳೇ ಹುಡುಗನ ಮೊದಲ ಪಾಠಶಾಲೆ. ಗಿಡಮೂಲಿಕೆ, ಹುಳುಹುಪ್ಪಟೆಗಳನ್ನು ಕೂಡಿಸಿಟ್ಟುಕೊಂಡು, ತಾನು ಓದಿ ತಿಳಿದುದನ್ನು ಮನೆಯ ಮಕ್ಕಳನ್ನು ಕೂರಿಸಿಕೊಂಡು ಉಪನ್ಯಾಸ ಮಾಡುವುದು ಅವನ ಹವ್ಯಾಸವಾಗಿತ್ತು. ವೈದ್ಯನಾಗಬೇಕೆಂಬ ಆಸೆ ಅವನಲ್ಲಿ ಮೂಡಿದಾಗ, ಇಷ್ಟು ಮೃದುವಾದ ಮನಸ್ಸಿನವನು ರೋಗಿಗಳ ಸಂಕಟವನ್ನು ದಿನವೂ ಹೇಗೆ ಸಹಿಸಿಯಾನೆಂದು ತಾಯಿ ಅಳುಕಿದಳು. ಅವಳ ಮಾತಿನಂತೆ ಅವನು ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡನು. ಖಾರ್ಕೊವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಪೂರೈಸಿ, 1864ರಲ್ಲಿ ಜರ್ಮನಿಗೂ ಅಲ್ಲಿಂದ ಮುಂದೆ ಇಟಲಿಯ ನೇಪಲ್ಸಿಗೂ ಹೋಗಿ ಸಮುದ್ರದ ಕ್ಷುದ್ರಜೀವಿಗಳ ಅಧ್ಯಯನದಲ್ಲಿ ಮುಳುಗಿದನು.

ಈ ಕಾಲದಲ್ಲಿಯೇ, 1865ರಲ್ಲಿ, ಅವನು ಒಂದು ಬಗೆಯ ಚಪ್ಪಟೆ ಹುಳುವನ್ನು ಪರೀಕ್ಷಿಸುತ್ತ ವಿಚಿತ್ರವೊಂದನ್ನು ಕಂಡನು. ನಮ್ಮ ದೇಹದಲ್ಲಿ ಆಹಾರ ಜೀರ್ಣವಾಗುವುದು ಜಠರ ಮತ್ತು ಕರುಳಿನ ಪೊಳ್ಳಿನಲ್ಲಿ, ಅಲ್ಲಿ ಒಸರುವ ರಸಗಳಿಂದ. ಆ ಹುಳುವಿನಲ್ಲಿ ಹಾಗಲ್ಲ. ಅದರ ಜೀವಕೋಶಗಳು ಆಹಾರದ ಕಣಗಳನ್ನು ತಾವೇ ನುಂಗಿ, ತಮ್ಮೊಳಗೇ ಕರಗಿಸಿಕೊಳ್ಳುತ್ತಿದ್ದವು. ಕೋಶವೂ ಉಣ್ಣಬಲ್ಲದು ಎಂಬ ಈ ಸಣ್ಣ ಅರಿವು ಹದಿನೇಳು ವರ್ಷಗಳ ಕಾಲ ಅವನ ಮನಸ್ಸಿನ ಮೂಲೆಯಲ್ಲಿ ಉಳಿದು, ಮುಂದೆ ತಕ್ಕ ಸಮಯದಲ್ಲಿ ಕೆಲಸಕ್ಕೆ ಬಂದಿತು.

ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ಮೆಚ್ನಿಕಾಫನು ಕಪ್ಪು ಸಮುದ್ರದ ತೀರದ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ಆದರೆ ಮನೆಯಲ್ಲಿ ಸುಖವಿರಲಿಲ್ಲ. 1869ರಲ್ಲಿ ಅವನು ಮದುವೆಯಾದ ಲುಡ್ಮಿಲಾ ಕ್ಷಯರೋಗಿ. ಮದುವೆಯ ದಿನ ನಡೆಯುವ ಶಕ್ತಿಯೂ ಇಲ್ಲದ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತುಕೊಂಡು ಹೋಗಬೇಕಾಯಿತು. ಆ ದಿನದಿಂದ ನಾಲ್ಕು ವರ್ಷಗಳ ಕಾಲ ಅವನು ಹೆಂಡತಿಯನ್ನು ಉಳಿಸಿಕೊಳ್ಳಲು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಅಲೆದನು. ಬೆಚ್ಚನೆಯ ಹವೆಯ ಮಡೀರಾ ದ್ವೀಪಕ್ಕೂ ಕರೆದೊಯ್ದನು. ಏನೂ ಫಲಿಸದೆ 1873ರ ಏಪ್ರಿಲಿನಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಆಗ ಅವನಿಗೆ ಇಪ್ಪತ್ತೇಳು ವರ್ಷ. ಸೂಕ್ಷ್ಮದರ್ಶಕ ಯಂತ್ರವನ್ನು ಬಿಡದೆ ನೋಡಿದ ಆಯಾಸದಿಂದ ಕಣ್ಣೂ ಕೈಕೊಟ್ಟಿತ್ತು. ಪ್ರೀತಿಸಿದವಳೂ ಇಲ್ಲ, ಪ್ರೀತಿಸಿದ ಕೆಲಸವೂ ಇಲ್ಲ ಎಂಬ ನಿರಾಸೆಯಲ್ಲಿ ಅವನು ಪ್ರಾಣವನ್ನು ತೊರೆಯಲು ಯತ್ನಿಸಿ, ದೈವಯೋಗದಿಂದ ಬದುಕಿದನು.

ಅದೇ ದಿನಗಳಲ್ಲಿ ಒಂದು ರಾತ್ರಿ ಜಿನೀವಾ ನಗರದ ರೋನ್ ನದಿಯ ಸೇತುವೆಯ ಮೇಲೆ ಅವನು ನಿಂತಿದ್ದಾಗ, ದೀಪವೊಂದರ ಸುತ್ತ ಹುಳುಗಳು ಮುತ್ತಿ ಹಾರಾಡುತ್ತಿದ್ದುದು ಕಣ್ಣಿಗೆ ಬಿದ್ದಿತು. ಕೆಲವೇ ಗಂಟೆಗಳ ಕಾಲ ಬಾಳಿ, ಏನನ್ನೂ ತಿನ್ನದೆ ಸಾಯುವ ಇಂಥ ಜೀವಿಗಳಿಗೆ ಡಾರ್ವಿನ್ನನ ಸಿದ್ಧಾಂತ ಹೇಗೆ ಅನ್ವಯಿಸೀತು ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಎದ್ದಿತು. ಪ್ರಶ್ನೆ ಎದ್ದೊಡನೆ ವಿಜ್ಞಾನಿ ಎಚ್ಚತ್ತನು. ಸಾಯುವ ಯೋಚನೆ ಹಿಂದೆ ಸರಿಯಿತು.

ಎರಡು ವರ್ಷಗಳ ತರುವಾಯ ಅವನು ಓಲ್ಗಾ ಎಂಬ ವಿದ್ಯಾರ್ಥಿನಿಯನ್ನು ಮದುವೆಯಾದನು. ಆಕೆ ಅವನ ಉಳಿದ ಜೀವಿತಕ್ಕೆಲ್ಲ ಆಸರೆಯಾಗಿ, ಅವನು ಹೋದ ಮೇಲೆ ಅವನ ಚರಿತ್ರೆಯನ್ನೂ ಬರೆದಳು. ಆದರೆ 1880ರ ಸುಮಾರಿಗೆ ಓಲ್ಗಾಳಿಗೆ ವಿಷಮಶೀತ ಜ್ವರ ಬಂದು ಪ್ರಾಣಾಪಾಯವಾದಾಗ ಹಳೆಯ ಕತ್ತಲೆ ಮತ್ತೆ ಕವಿಯಿತು. ಅವನು ಎರಡನೆಯ ಬಾರಿ ತನ್ನ ಜೀವಕ್ಕೆ ತಾನೇ ಅಪಾಯ ತಂದುಕೊಂಡು, ಭಾರಿ ಕಾಯಿಲೆ ಮಲಗಿ, ಮತ್ತೆ ಉಳಿದನು. ಆ ಕಾಯಿಲೆಯಿಂದ ಎದ್ದವನಲ್ಲಿ ಬದುಕಿನ ಬಗೆಗೆ ಹಿಂದೆಂದೂ ಇರದಿದ್ದ ಉತ್ಸಾಹವಿತ್ತು. ಸಾವನ್ನು ಎರಡು ಸಲ ಕರೆದವನು ಅಲ್ಲಿಂದ ಮುಂದೆ ಮೂವತ್ತೈದು ವರ್ಷ ಬಾಳಿದನು. ಇಂದು ನಾವು ಅವನನ್ನು ನೆನೆಯುವುದು ಆ ಮೂವತ್ತೈದು ವರ್ಷಗಳ ಕೆಲಸಕ್ಕಾಗಿ. ಕತ್ತಲೆಯಲ್ಲಿರುವವರಿಗೆ ಮುಂದಿನ ದಾರಿ ಕಾಣುವುದಿಲ್ಲ. ಆದರೆ ದಾರಿ ಇಲ್ಲವೆಂದು ಅದರ ಅರ್ಥವಲ್ಲ.

1881ರಲ್ಲಿ ರಷ್ಯಾದ ಚಕ್ರವರ್ತಿಯ ಕೊಲೆಯಾದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ರಾಜಕೀಯದ ಕೋಲಾಹಲ ಹೆಚ್ಚಿತು. ಬೇಸತ್ತ ಮೆಚ್ನಿಕಾಫನು ಮರುವರ್ಷ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಹೆಂಡತಿಯನ್ನೂ ಅವಳ ಚಿಕ್ಕ ತಮ್ಮ ತಂಗಿಯರನ್ನೂ ಕರೆದುಕೊಂಡು ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದನು. ಕಡಲ ತೀರದ ಮನೆ. ಅದರ ನಡುಮನೆಯೇ ಪ್ರಯೋಗಶಾಲೆ. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ವಾನರಗಳ ಆಟವನ್ನು ನೋಡಲು ಹೋಗಿದ್ದರು. ಅವನೊಬ್ಬನೇ ಕುಳಿತು ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಆ ಮರಿಯ ದೇಹ ಗಾಜಿನಂತೆ ಪಾರದರ್ಶಕ. ಒಳಗೆ ಅತ್ತಿತ್ತ ತೆವಳುವ ಕೋಶಗಳು ನಿಚ್ಚಳವಾಗಿ ಕಾಣುತ್ತಿದ್ದವು. ಇವು ಆಹಾರವನ್ನು ನುಂಗುವುದು ತಿಳಿದೇ ಇದೆ. ಹೊರಗಿನಿಂದ ಒಳಹೊಕ್ಕ ಶತ್ರುವನ್ನೂ ಹೀಗೆಯೇ ನುಂಗಿ ದೇಹವನ್ನು ಕಾಯುತ್ತಿರಬಾರದೇಕೆ ಎಂಬ ಆಲೋಚನೆ ಮಿಂಚಿನಂತೆ ಹೊಳೆಯಿತು. ಹಾಗಿದ್ದರೆ ಮುಳ್ಳೊಂದನ್ನು ಚುಚ್ಚಿದಲ್ಲಿ ಈ ಕೋಶಗಳು ಅದರ ಸುತ್ತ ಬಂದು ಮುತ್ತಬೇಕು!

ಅವನು ಮನೆಯ ಪುಟ್ಟ ತೋಟಕ್ಕೆ ಇಳಿದು ಗುಲಾಬಿಯ ಕೆಲವು ಮುಳ್ಳುಗಳನ್ನು ತಂದು, ಮರಿಗಳ ತೆಳು ಚರ್ಮದಡಿ ಚುಚ್ಚಿಟ್ಟನು. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಬೆಳಗಾಗುವುದೇ ತಡ, ಓಡಿಹೋಗಿ ನೋಡುತ್ತಾನೆ: ತೆವಳುವ ಕೋಶಗಳು ದಂಡುಕಟ್ಟಿ ಬಂದು ಮುಳ್ಳನ್ನು ಸುತ್ತುವರಿದಿವೆ! ನಕ್ಷತ್ರಮೀನಿನ ಆ ಮರಿಯಲ್ಲಿ ರಕ್ತನಾಳಗಳಿಲ್ಲ, ನರಗಳಿಂದ ಬರುವ ಅಪ್ಪಣೆಯೂ ಇಲ್ಲ. ಆದರೂ ಕಾವಲುಗಾರರು ಬಂದಿದ್ದರು. ಇದು ನಡೆದುದು 1882ರ ಕೊನೆಯಲ್ಲಿ. ಕ್ಷಯರೋಗದ ಕ್ರಿಮಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಪಂಡಿತನು ಲೋಕಕ್ಕೆ ತೋರಿಸಿದುದೂ ಅದೇ ವರ್ಷ.

ವಿಯೆನ್ನಾದ ವಿದ್ವಾಂಸರೊಡನೆ ಆಲೋಚಿಸಿ ಈ ಕೋಶಗಳಿಗೆ ಗ್ರೀಕ್ ಮೂಲದಿಂದ ಫ್ಯಾಗೊಸೈಟ್ ಎಂದು ಹೆಸರಿಡಲಾಯಿತು. ನುಂಗುವ ಕೋಶ ಎಂಬುದು ಅದರ ಅರ್ಥ. ನಾವು ಕನ್ನಡದಲ್ಲಿ ಭಕ್ಷಕಕೋಶ ಎನ್ನಬಹುದು. ಆದರೆ ಗುಲಾಬಿಯ ಮುಳ್ಳು ರೋಗವಲ್ಲವಷ್ಟೆ? ನಿಜವಾದ ರೋಗದಲ್ಲಿ ಈ ಕೋಶಗಳು ಏನು ಮಾಡುತ್ತವೆ ಎಂಬುದನ್ನು ತೋರಿಸಬೇಕಾಗಿತ್ತು. ಅದಕ್ಕೆ ಅವನಿಗೆ ಸಿಕ್ಕಿದುದು ನೀರಿನ ಚಿಗಟವೆಂದು ಕರೆಯುವ ಡಾಫ್ನಿಯಾ. ಕೊಳದ ನೀರಿನಲ್ಲಿರುವ ಈ ಪುಟ್ಟ ಜೀವಿಯ ದೇಹವೂ ಪಾರದರ್ಶಕ. ಅದಕ್ಕೆ ಒಂದು ಶಿಲೀಂಧ್ರದ ರೋಗ ತಗಲುತ್ತದೆ. ಶಿಲೀಂಧ್ರವೆಂದರೆ ಹಳಸಿದ ರೊಟ್ಟಿಯ ಮೇಲಣ ಬೂಷ್ಟು, ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಮೊದಲಾದವುಗಳ ವರ್ಗ. ಡಾಫ್ನಿಯಾ ನುಂಗಿದ ಶಿಲೀಂಧ್ರದ ಬೀಜಕಣಗಳು ಸೂಜಿಯಂತೆ ಮೊನಚಾಗಿದ್ದು, ಕರುಳಿನ ಗೋಡೆಯನ್ನು ಚುಚ್ಚಿ ದೇಹದೊಳಕ್ಕೆ ಇಳಿಯುತ್ತವೆ. ಇಳಿದೊಡನೆ ಭಕ್ಷಕಕೋಶಗಳು ಮುತ್ತಿ, ಆ ಸೂಜಿಗಳನ್ನು ಚೂರುಚೂರಾಗಿ ಕರಗಿಸುತ್ತವೆ. ಕೆಲವೇ ಕಣಗಳು ನುಗ್ಗಿದರೆ ಡಾಫ್ನಿಯಾ ಬದುಕುತ್ತದೆ. ಅವು ಕರಗುವ ಮೊದಲೇ ಮೊಳೆತು ಬೆಳೆದರೆ ಕೋಶಗಳು ಸೋಲುತ್ತವೆ, ಡಾಫ್ನಿಯಾ ಸಾಯುತ್ತದೆ. ರೋಗವೆಂದರೆ ಎರಡು ಪಕ್ಷಗಳ ಸೆಣಸಾಟ, ಅದರ ಫಲ ಮೊದಲೇ ನಿರ್ಧಾರವಾದುದಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡು 1884ರಲ್ಲಿ ಪ್ರಕಟಿಸಿದನು. ಆ ಶಿಲೀಂಧ್ರದ ಕುಲಕ್ಕೆ ಮುಂದೆ ಅವನ ಹೆಸರನ್ನೇ ಇಟ್ಟರು.

ಅನಂತರ ಅವನು ಬ್ಯಾಕ್ಟೀರಿಯಗಳತ್ತ ತಿರುಗಿದನು. ದನಕುರಿಗಳನ್ನು ಕೊಲ್ಲುವ ಆಂತ್ರಾಕ್ಸ್ ರೋಗದ ಕ್ರಿಮಿಗಳನ್ನು ಮೊಲಗಳಿಗೆ ಚುಚ್ಚಿ ನೋಡಿದನು. ಉಗ್ರವಾದ ಕ್ರಿಮಿಗಳನ್ನು ಸಾಮಾನ್ಯ ಮೊಲದ ಬಿಳಿಯ ರಕ್ತಕಣಗಳು ಮುಟ್ಟಲಾರದೆ ಹೋದವು. ಲಸಿಕೆ ಪಡೆದಿದ್ದ ಮೊಲದಲ್ಲಿಯಾದರೋ ಅವೇ ರಕ್ತಕಣಗಳು ಅವೇ ಕ್ರಿಮಿಗಳನ್ನು ನುಂಗತೊಡಗಿದವು. ಅದುವರೆಗೆ ಅನೇಕ ವೈದ್ಯರು ಬಿಳಿಯ ರಕ್ತಕಣಗಳೊಳಗೆ ಕ್ರಿಮಿಗಳನ್ನು ಕಂಡಿದ್ದರೂ, ಆ ಕಣಗಳು ರೋಗವನ್ನು ಮೈಯೆಲ್ಲ ಹರಡುವ ವಾಹನಗಳೆಂದು ಬಗೆದಿದ್ದರು. ಕಾವಲುಗಾರನನ್ನೇ ಕಳ್ಳನೆಂದು ತಿಳಿದಂತಾಗಿತ್ತು.

ಹೊಸ ಮಾತು ಸುಲಭವಾಗಿ ಸಲ್ಲಲಿಲ್ಲ. ಒಡೆಸ್ಸಾದಲ್ಲಿ 1886ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಹಾಕುವ ಸಂಸ್ಥೆಗೆ ಅವನು ಮುಖ್ಯಸ್ಥನಾದಾಗ, ವೈದ್ಯ ಪದವಿಯಿಲ್ಲದವನೆಂದು ಸ್ಥಳೀಯ ವೈದ್ಯರು ಅಡ್ಡಿಪಡಿಸಿದರು. ಬರ್ಲಿನ್ನಿನಲ್ಲಿ ಕಾಖ್ ಪಂಡಿತನೂ ಅವನ ಮಾತನ್ನು ಆದರಿಸಲಿಲ್ಲ. ಕೈಹಿಡಿದವನು ಪ್ಯಾರಿಸ್ಸಿನ ಲೂಯಿ ಪಾಶ್ಚರ್. 1888ರಲ್ಲಿ ತಾನು ಹೊಸದಾಗಿ ತೆರೆದ ಸಂಸ್ಥೆಯಲ್ಲಿ ಪಾಶ್ಚರನು ಈ ಪರದೇಶಿಗೆ ಒಂದು ಪ್ರಯೋಗಶಾಲೆಯನ್ನು ಕೊಟ್ಟನು. ಮೆಚ್ನಿಕಾಫನು ಮುಂದಿನ ಇಪ್ಪತ್ತೆಂಟು ವರ್ಷ ಅಲ್ಲಿಯೇ ಕೆಲಸ ಮಾಡಿದನು.

ಇಷ್ಟರಲ್ಲಿ ಎದುರು ಪಕ್ಷವೂ ಬಲವಾಯಿತು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು, ಧನುರ್ವಾಯು ಹಾಗೂ ಗಂಟಲಮಾರಿ ರೋಗಗಳ ವಿಷವನ್ನು ರಕ್ತದ ದ್ರವಭಾಗವೇ ಅಡಗಿಸಬಲ್ಲದೆಂದು ತೋರಿಸಿದರು. ಅದಕ್ಕೆ ಕಾರಣವಾದ ವಸ್ತುಗಳನ್ನು ಇಂದು ನಾವು ಪ್ರತಿಕಾಯಗಳೆನ್ನುತ್ತೇವೆ. ದೇಹವನ್ನು ಕಾಯುವುದು ರಸವೋ ಕೋಶವೋ ಎಂಬ ವಾದ ಹತ್ತಾರು ವರ್ಷ ನಡೆಯಿತು. ಮೆಚ್ನಿಕಾಫನು ಆವೇಶದ ಮನುಷ್ಯ. ಪ್ರತಿಯೊಂದು ಆಕ್ಷೇಪಣೆಗೂ ಹೊಸ ಪ್ರಯೋಗದಿಂದ ಉತ್ತರ ಕೊಟ್ಟನು. ಕೆಲವೆಡೆ ತನ್ನ ಪಕ್ಷವನ್ನು ಅತಿಯಾಗಿಯೂ ಸಾಧಿಸಹೋದನು. ಆದರೆ ಅವನ ಪ್ರಯೋಗಶಾಲೆಯಲ್ಲೇ ಜೂಲ್ ಬಾರ್ಡೆ ಎಂಬ ತರುಣನು ರಕ್ತದ್ರವದ ಶಕ್ತಿಗೆ ಹೊಸ ಸಾಕ್ಷ್ಯವನ್ನು ಹುಡುಕಿ ತೆಗೆದನೆಂಬುದು ಗುರುವಿಗೂ ಗೌರವದ ಮಾತು. 1903ರಲ್ಲಿ ಲಂಡನ್ನಿನ ರೈಟ್ ಮತ್ತು ಡಗ್ಲಾಸ್ ಎಂಬವರು ಈ ಎರಡು ಪಕ್ಷಗಳ ನಡುವೆ ಸೇತುವೆ ಕಟ್ಟಿದರು. ರಕ್ತದ್ರವದ ವಸ್ತುಗಳು ಬ್ಯಾಕ್ಟೀರಿಯಗಳಿಗೆ ಅಂಟಿಕೊಂಡು, ಅವನ್ನು ಭಕ್ಷಕಕೋಶಗಳು ಸುಲಭವಾಗಿ ಹಿಡಿದು ನುಂಗುವಂತೆ ಮಾಡುತ್ತವೆಂದು ಅವರು ತೋರಿಸಿದರು. ರಸವು ಶತ್ರುವಿಗೆ ಗುರುತು ಹಚ್ಚುತ್ತದೆ, ಕೋಶವು ಅವನನ್ನು ಮುಗಿಸುತ್ತದೆ. 1908ರ ನೊಬೆಲ್ ಪಾರಿತೋಷಕವನ್ನು ಕೋಶಪಕ್ಷದ ಮೆಚ್ನಿಕಾಫನಿಗೂ ರಸಪಕ್ಷದ ಪಾಲ್ ಎರ್ಲಿಖನಿಗೂ ಒಟ್ಟಿಗೆ ಕೊಟ್ಟುದು ಸರಿಯಾಗಿಯೇ ಇತ್ತು.

ನಮ್ಮ ಮುಂಬಯಿಗೂ ಈ ಚರಿತ್ರೆಗೂ ಒಂದು ನಂಟು ಇದೆ. ಒಡೆಸ್ಸಾದಲ್ಲಿ ಮೆಚ್ನಿಕಾಫನ ಶಿಷ್ಯನಾಗಿದ್ದ ವಾಲ್ಡೆಮಾರ್ ಹಾಫ್ಕಿನ್, ಗುರುವಿನ ಹಿಂದೆಯೇ ಪ್ಯಾರಿಸ್ಸಿಗೆ ಬಂದು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕನಾಗಿ ಸೇರಿದವನು. ಅವನು 1893ರಲ್ಲಿ ಭಾರತಕ್ಕೆ ಬಂದನು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿದಾಗ ಬೈಕುಲ್ಲಾದ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಲಸಿಕೆಯನ್ನು ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ದೇಹಕ್ಕೇ ಚುಚ್ಚಿಸಿಕೊಂಡನು. ಮರುವರ್ಷ ಪ್ಲೇಗು ಹುಬ್ಬಳ್ಳಿ, ಧಾರವಾಡಗಳಿಗೆ ಹಬ್ಬಿದಾಗ ನಮ್ಮ ನಾಡಿನ ಸಹಸ್ರಾರು ಜನರಿಗೆ ಅದೇ ಲಸಿಕೆಯನ್ನು ಹಾಕಿದರು. ಪರೇಲದಲ್ಲಿ ಅವನ ಹೆಸರಿನ ಸಂಸ್ಥೆ ಇಂದಿಗೂ ಇದೆ. ಆ ದಾರಿಯಲ್ಲಿ ಹೋಗುವಾಗ ಶಿಷ್ಯನೊಡನೆ ಗುರುವನ್ನೂ ನೆನೆಯಬೇಕು.

ಮೆಚ್ನಿಕಾಫನ ಕಾಲದಿಂದ ಈಚೆಗೆ ಜ್ಞಾನ ಬಹಳ ಬೆಳೆದಿದೆ. ಕಾವಲುಗಾರರಲ್ಲಿ ಅನೇಕ ದಳಗಳಿವೆ. ಶತ್ರುವಿಗೆ ತಕ್ಕ ದಳ ಮುಂದೆ ಬರುತ್ತದೆ. ಗಾಯದೊಳಕ್ಕೆ ಬ್ಯಾಕ್ಟೀರಿಯ ನುಗ್ಗಿದರೆ ಮೊದಲು ಧಾವಿಸುವುದು ನ್ಯೂಟ್ರೊಫಿಲ್ ಎಂಬ ಬಿಳಿಯ ಕಣ. ಕೀವಿನಲ್ಲಿರುವುದು ಹೆಚ್ಚಾಗಿ ಇವುಗಳ ಶವಗಳೇ. ಹಿಂದೆಯೇ ಬರುವುದು ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕಕೋಶ. ಆ ಹೆಸರನ್ನು ಇಟ್ಟವನು ಮೆಚ್ನಿಕಾಫನೇ. ಶಿಲೀಂಧ್ರಗಳನ್ನು ತಡೆಯುವುದರಲ್ಲಿಯೂ ನ್ಯೂಟ್ರೊಫಿಲ್ಲುಗಳದು ಹಿರಿಯ ಪಾತ್ರ. ಇವುಗಳ ಸಂಖ್ಯೆ ತೀರ ಕುಸಿದ ರೋಗಿಗಳಿಗೆ, ನಾವು ದಿನವೂ ಉಸಿರಾಡುವ ಸಾಧಾರಣ ಬೂಷ್ಟಿನ ಕಣವೂ ಮಾರಕವಾಗಬಲ್ಲದು. ಈ ಕಣಗಳು ತಮ್ಮೊಳಗಿನ ಎಳೆಗಳನ್ನೇ ಹೊರಚೆಲ್ಲಿ ಬಲೆಯಂತೆ ಹರಡಿ ಶತ್ರುವನ್ನು ಸಿಕ್ಕಿಸುವುದೂ ಉಂಟೆಂದು 2004ರಲ್ಲಿ ತಿಳಿದುಬಂದಿತು.

ಪರೋಪಜೀವಿಗಳ ಮಾತು ಬೇರೆ. ಮಲೇರಿಯದ ಜೀವಿಯು ಕೆಂಪು ರಕ್ತಕಣದೊಳಗೆ ಅವಿತುಕೊಳ್ಳುತ್ತದೆ. ಅಂಥ ಕಣಗಳನ್ನು ಗುಲ್ಮವು ಸೋಸಿ ಹಿಡಿದಾಗ ಅಲ್ಲಿನ ಮ್ಯಾಕ್ರೊಫೇಜುಗಳು ನುಂಗುತ್ತವೆ. ಕರುಳಿನ ಕೊಕ್ಕೆಹುಳುವನ್ನಾದರೋ ಯಾವ ಕೋಶವೂ ನುಂಗಲಾರದು. ಇರುವೆ ಆನೆಯನ್ನು ನುಂಗಿತೆ? ಆಗ ಇಯೊಸಿನೊಫಿಲ್ ಎಂಬ ಕಣಗಳು ಪ್ರತಿಕಾಯಗಳ ನೆರವಿನಿಂದ ಹುಳುವಿನ ಮೈಗೆ ಅಂಟಿಕೊಂಡು ವಿಷವನ್ನು ಸುರಿಯುತ್ತವೆ. ಕರುಳು ಲೋಳೆಯನ್ನು ಒಸರಿ ಅದನ್ನು ಹೊರದೂಡಲು ಯತ್ನಿಸುತ್ತದೆ. ಈ ಕಣವನ್ನು 1879ರಲ್ಲಿ ಗುರುತಿಸಿದವನು ರಸಪಕ್ಷದ ಎರ್ಲಿಖನೇ ಎಂಬುದು ಸ್ವಾರಸ್ಯ.

ಭಕ್ಷಕಕೋಶಗಳು ಎಲ್ಲ ಕಡೆಯೂ ಗೆಲ್ಲುವುದಿಲ್ಲ. ಕ್ಷಯದ ಕ್ರಿಮಿಯನ್ನು ಮ್ಯಾಕ್ರೊಫೇಜ್ ನುಂಗುತ್ತದೆ, ಆದರೆ ಕ್ರಿಮಿ ಸಾಯದೆ ಅದರ ಹೊಟ್ಟೆಯಲ್ಲಿಯೇ ಮನೆ ಮಾಡಿಕೊಂಡುಬಿಡುತ್ತದೆ. ಟಿ ಕೋಶಗಳೆಂಬ ಇನ್ನೊಂದು ದಳ ಬಂದು ರಾಸಾಯನಿಕ ಸಂದೇಶದಿಂದ ಹುರಿದುಂಬಿಸಿದಾಗಲೇ ಅದನ್ನು ಹತೋಟಿಯಲ್ಲಿಡುವ ಬಲ ಮ್ಯಾಕ್ರೊಫೇಜಿಗೆ ಬರುತ್ತದೆ. ಲುಡ್ಮಿಲಾಳನ್ನು ಕೊಂದುದು ಈ ಕ್ರಿಮಿಯೇ. ಅಂದು ಆಕೆಗೆ ಔಷಧವಿರಲಿಲ್ಲ. ಇಂದು ಕ್ಷಯಕ್ಕೆ ಔಷಧವಿದೆ, ತಿಂಗಳುಗಟ್ಟಲೆ ಬಿಡದೆ ಸೇವಿಸಿದರೆ ಬಹುತೇಕ ರೋಗಿಗಳು ಗುಣಹೊಂದುತ್ತಾರೆ.

ವೃದ್ಧಾಪ್ಯದಲ್ಲಿ ಮೆಚ್ನಿಕಾಫನ ಲಕ್ಷ್ಯ ಮುಪ್ಪಿನ ಕಾರಣಗಳತ್ತ ಹರಿಯಿತು. ದೊಡ್ಡಕರುಳಿನಲ್ಲಿ ಕೊಳೆಯುವ ಪದಾರ್ಥಗಳ ವಿಷವೇ ಮುಪ್ಪನ್ನು ತರುತ್ತದೆಂದೂ, ಮೊಸರಿನ ಬ್ಯಾಕ್ಟೀರಿಯಗಳು ಅದನ್ನು ತಡೆಯುತ್ತವೆಂದೂ ನಂಬಿ, ತಾನೂ ಹುಳಿಹಾಲನ್ನು ತಪ್ಪದೆ ಸೇವಿಸುತ್ತಿದ್ದನು. ಮುಪ್ಪಿನ ಆ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಗಳೆಲ್ಲ ಶತ್ರುಗಳಲ್ಲ, ಕೆಲವು ನಮಗೆ ಹಿತವಾದವು ಎಂಬ ಅರಿವು ಉಳಿದು ಬೆಳೆದಿದೆ. ಮೊಸರು ಮಜ್ಜಿಗೆಗಳನ್ನು ಬಿಡದ ನಮ್ಮವರಿಗೆ ಇದು ಸಂತೋಷದ ಸುದ್ದಿಯೇ ಸರಿ.

ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1916ರ ಜುಲೈ 15ರಂದು, ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನು ಹೃದ್ರೋಗದಿಂದ ಪ್ಯಾರಿಸ್ಸಿನಲ್ಲಿ ಕಾಲವಾದನು. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯಲ್ಲಿಯೇ ಇರಿಸಿದರು. ಎಂಬತ್ತು ವರ್ಷಗಳ ತರುವಾಯ, 1996ರಲ್ಲಿ, ಫ್ರಾನ್ಸಿನ ಜೂಲ್ ಹಾಫ್ಮನ್ ಮತ್ತು ಸಂಗಡಿಗರು ಹಣ್ಣಿನ ನೊಣವು ಶಿಲೀಂಧ್ರದ ಸೋಂಕಿನಿಂದ ಪಾರಾಗಲು ಅಗತ್ಯವಾದ ಒಂದು ಜೀನನ್ನು ಗುರುತಿಸಿದರು. ಅದನ್ನು ಹೋಲುವ ವ್ಯವಸ್ಥೆ ನಮ್ಮಲ್ಲಿಯೂ ಇದ್ದು, ಶತ್ರು ಬಂದಿರುವನೆಂಬ ಎಚ್ಚರಿಕೆಯನ್ನು ಭಕ್ಷಕಕೋಶಗಳಿಗೆ ಕೊಡುತ್ತದೆಂದು ಬಳಿಕ ತಿಳಿಯಿತು. ಈ ಶೋಧಕ್ಕೆ 2011ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕಾವಲುಗಾರರನ್ನು ಅರಿಯಲು ಕ್ಷುದ್ರಜೀವಿಗಳನ್ನು ನೋಡಬೇಕೆಂಬ ಮೆಚ್ನಿಕಾಫನ ದಾರಿಯೇ ಮತ್ತೊಮ್ಮೆ ಫಲ ಕೊಟ್ಟಿತು.

ವಿದ್ಯಾರ್ಥಿಗಳೇ, ಈ ಕಾವಲುಗಾರರು ನಮ್ಮ ಅರಿವಿಗೆ ಬಾರದೆ ಹಗಲಿರುಳು ದುಡಿಯುತ್ತಾರೆ. ಅವರ ಹೊರೆಯನ್ನು ಹಗುರ ಮಾಡುವುದಷ್ಟೇ ನಮ್ಮ ಕೆಲಸ: ಗಾಯವನ್ನು ತೊಳೆಯುವುದು, ಲಸಿಕೆಯನ್ನು ತಪ್ಪಿಸದಿರುವುದು, ವೈದ್ಯರು ಕೊಟ್ಟ ಔಷಧವನ್ನು ನಡುವೆ ನಿಲ್ಲಿಸದಿರುವುದು. ಮನಸ್ಸಿಗೆ ಕತ್ತಲೆ ಕವಿದಾಗಲೂ ಒಬ್ಬರೇ ಹೊತ್ತುಕೊಂಡು ಕೂರದೆ ಮನೆಯ ಹಿರಿಯರಿಗೋ ಗುರುಗಳಿಗೋ ಗೆಳೆಯರಿಗೋ ಹೇಳಿಕೊಳ್ಳಬೇಕು. ನಾವು ಬದುಕನ್ನು ಬೇಡವೆಂದ ಗಳಿಗೆಯಲ್ಲಿಯೂ ನಮ್ಮ ರಕ್ತದ ಒಂದೊಂದು ಬಿಳಿಯ ಕಣವೂ ನಮ್ಮ ಬದುಕಿಗಾಗಿ ಕಾದಾಡುತ್ತಲೇ ಇರುತ್ತದೆ. ಮೆಚ್ನಿಕಾಫನ ದೇಹದಲ್ಲಿಯೂ ಅವು ಹಾಗೆಯೇ ಕಾದಾಡಿದ್ದುವು. ಅವನು ಅವುಗಳನ್ನು ಕಂಡು ಹೆಸರಿಟ್ಟುದು ಆಮೇಲೆ.